ಎಡಗೈಯ ವೀಳ್ಯ

ನನ್ನ ಸೋದರಮಾವ ಕಳ್ಳು ಸಾರಾಯಿ ಮುಟ್ಟಿದವರಲ್ಲ. ಕೊನೆಗೆ ಹೇಳಬೇಕಾದ ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಸುಳ್ಯದ ಪೇಟೆಯಲ್ಲೋ ಪುತ್ತೂರಿನ ಬಸ್ಸಿನಲ್ಲೋ ಅವರನ್ನು ಬಲ್ಲ ಹಳಬರು ಯಾರಾದರೂ ಸಿಕ್ಕಿದರೆ, "ಬೆಟ್ಟಂಪಾಡಿಯವರಲ್ಲವಾ? ಒಳ್ಳೆ ಮಾತುಗಾರ. ಕುಡಿದು ಹಾಳಾದ್ದು" ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ಅಜ್ಜಾವರದ ನಮ್ಮ ಮನೆಯ ಒಳಬಾಗಿಲಿನಲ್ಲಿ. ಹುಟ್ಟಿಸಿದವರು ಅವರ ಒಡಹುಟ್ಟಿದ ತಂಗಿ, ಎಂದರೆ ನನ್ನ ಅಮ್ಮ. ನನ್ನ ಮದುವೆ ಮುರಿಯಬಾರದು ಎಂದು ಹೇಳಿದ ಮಾತು ಅದು.

ಶಾಲೆಯಲ್ಲಿ ನಾನು ಅಕ್ಷರ ಕಲಿತೆ. ಮಾತು ಕಲಿತದ್ದು ಅಜ್ಜಿಯಿಂದ ಮತ್ತು ಈ ಸೋದರಮಾವನಿಂದ. ಅವರು ನಮ್ಮಲ್ಲಿಗೆ ಬಂದರೆ ಕೈಕಾಲು ತೊಳೆದು, ಬೆಲ್ಲದ ತುಂಡು ಬಾಯಿಗೆ ಹಾಕಿ, ಮೇಲಿಂದ ಒಂದು ಚೆಂಬು ನೀರು ಕುಡಿದು, ಆಮೇಲೆಯೇ ಬಾಯಿ ತೆರೆಯುವುದು. ಆ ಬೆಲ್ಲ ನೀರು ಬಿಟ್ಟು ಅವರಿಗೆ ಬೇರೆ ಚಟ ಇರಲಿಲ್ಲ. ಕಾಫಿಯನ್ನೂ ಕುಡಿಯುತ್ತಿರಲಿಲ್ಲ. "ಕಪ್ಪು ನೀರು ಕುಡಿದರೆ ಮಾತು ಕಪ್ಪಾಗ್ತದೆ ಮಾರಾಯ್ತಿ" ಎಂದು ನನ್ನನ್ನು ನಗಿಸುತ್ತಿದ್ದರು.

ಊರಿನಲ್ಲಿ ಅವರಿಗೆ ಬೆಲೆ ಇದ್ದದ್ದು ವೀಳ್ಯದ ಮಾತಿನಿಂದ. ನಮ್ಮ ಕಡೆ ಎರಡು ಮನೆಯವರು ಮನಸ್ಸಿನಲ್ಲಿ ಒಪ್ಪಿದರೆ ಮದುವೆ ನಿಶ್ಚಯವಾದಂತೆ ಅಲ್ಲ. ಚಾವಡಿಯಲ್ಲಿ ಎದುರುಬದುರು ಚಾಪೆ ಹಾಕಿ, ನಡುವೆ ದೀಪ ಹಚ್ಚಿ, ಹೆಣ್ಣಿನ ಸೋದರಮಾವ ವೀಳ್ಯದೆಲೆ ಅಡಿಕೆ ಇಟ್ಟ ಹರಿವಾಣವನ್ನು ಗಂಡಿನ ತಂದೆಯ ಕೈಗೆ ಕೊಡಬೇಕು. ಬಲಗೈಯಲ್ಲಿ ಹರಿವಾಣ, ಎಡಗೈ ಬಲ ಮೊಣಕೈಯನ್ನು ಮುಟ್ಟಿರಬೇಕು. ಕೊಡುವ ಮೊದಲು ಹೇಳುವ ಮಾತಿಗೂ ಒಂದು ಕ್ರಮ ಉಂಟು. ನನ್ನ ಸೋದರಮಾವ ಆ ಮಾತನ್ನು ಹೇಳುವಾಗ ಒಳಗೆ ಒಲೆಯ ಮುಂದೆ ಇದ್ದ ಹೆಂಗಸರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು.

"ಕೂಡಿದ ಹತ್ತು ಸಮಸ್ತರಲ್ಲಿ ಅರಿಕೆ. ಬಿಸಿಲಲ್ಲಿ ನಡೆದು ಬಂದಿದ್ದೀರಿ, ನೆರಳು ಕೊಟ್ಟಿದ್ದೇವೆ. ಬಾಯಾರಿ ಬಂದಿದ್ದೀರಿ, ಬೆಲ್ಲ ನೀರು ಕೊಟ್ಟಿದ್ದೇವೆ. ಹೆಣ್ಣು ಕೇಳಿ ಬಂದಿದ್ದೀರಿ, ವೀಳ್ಯ ಕೊಡಲಿಕ್ಕೆ ಸಮಸ್ತರ ಅಪ್ಪಣೆ ಉಂಟೋ?"

"ಉಂಟು" ಎಂದು ಎರಡೂ ಚಾಪೆಯವರು ಒಟ್ಟಿಗೆ ಹೇಳಬೇಕು. ಮುಂದೆ ಇನ್ನೂ ಉಂಟು, ಮಣ್ಣಿಗೆ, ದೈವಕ್ಕೆ, ಹಿರಿಯರಿಗೆ. ಸಣ್ಣವಳಿದ್ದಾಗ ನಾನು ತೆಂಗಿನ ಗೆರಟೆಯನ್ನು ಹರಿವಾಣ ಮಾಡಿಕೊಂಡು ಬೆಕ್ಕಿನ ಮುಂದೆ ಇದನ್ನು ಹೇಳುತ್ತಿದ್ದೆ. ಬೆಕ್ಕು ಅಪ್ಪಣೆ ಕೊಡುತ್ತಿರಲಿಲ್ಲ. ಸೋದರಮಾವ ಜಗಲಿಯಲ್ಲಿ ಕೂತು, "ಉಂಟು ಉಂಟು, ಅದರದ್ದೂ ಉಂಟು" ಎಂದು ಬೆಕ್ಕಿನ ಪರವಾಗಿ ಹೇಳುತ್ತಿದ್ದರು.

ಎಲ್ಲದಕ್ಕೂ ಮಾತಿದ್ದ ಈ ಮನುಷ್ಯನಿಗೆ ತನ್ನ ಕಾಯಿಲೆಗೆ ಮಾತ್ರ ಮಾತು ಸಿಗಲಿಲ್ಲ. ಬಯಲಿಗೆ ಹೋದಾಗ ರಕ್ತ ಹೋಗುತ್ತಿತ್ತು. ಎಷ್ಟು ಕಾಲದಿಂದ ಎಂದು ಯಾರಿಗೂ ತಿಳಿಯದು. ಹೆಂಡತಿಗೆ, ನಾನು ಅತ್ತೆ ಎಂದು ಕರೆಯುವವರಿಗೆ, ಮೊದಲು ಸಂಶಯ ಬಂದದ್ದು ಅವರು ತಮ್ಮ ಮುಂಡನ್ನು ತಾವೇ ಒಗೆಯಲು ಶುರುಮಾಡಿದಾಗ. ಆ ಮನೆಯಲ್ಲಿ ಗಂಡಸರು ಬಟ್ಟೆ ಒಗೆದ ಚರಿತ್ರೆ ಇಲ್ಲ. "ಎಂತ, ನನ್ನ ಒಗೆತ ಸರಿ ಆಗುದಿಲ್ಲವಾ ಈಗ?" ಎಂದು ಅತ್ತೆ ಕೇಳಿದರೆ, "ನಿನಗೂ ಪ್ರಾಯ ಆಯ್ತಲ್ಲ" ಎಂದು ಹಾರಿಸಿದರು. ಮತ್ತೊಮ್ಮೆ ಒತ್ತಿ ಕೇಳಿದಾಗ ಮೂಲವ್ಯಾಧಿ ಎಂದರು. ಅದನ್ನು ಹೇಳಲಿಕ್ಕೂ ಮುಖ ಗೋಡೆಯ ಕಡೆ ತಿರುಗಿಸಿದ್ದರಂತೆ. ಅರಂತೋಡಿನ ಹತ್ತಿರ ಒಬ್ಬರು ನಾಟಿ ವೈದ್ಯರು ಮಜ್ಜಿಗೆಯಲ್ಲಿ ಕುಡಿಯಲು ಸೊಪ್ಪಿನ ರಸ ಕೊಡುತ್ತಿದ್ದರು. ಒಂದು ಮಳೆಗಾಲ, ಒಂದು ಬೇಸಿಗೆ ಆ ರಸದಲ್ಲಿಯೇ ಕಳೆಯಿತು. ವೈದ್ಯರನ್ನು ದೂರುವಂತಿಲ್ಲ. ಅವರು ಕೇಳಿದ್ದಕ್ಕೆಲ್ಲ ಸೋದರಮಾವ ಅರ್ಧ ಉತ್ತರ ಕೊಟ್ಟಿದ್ದರು.

ಹೊಟ್ಟೆ ಉಬ್ಬಿ, ಕೆಳಗೆ ಏನೂ ಹೋಗದೆ ಆದಾಗ ಮಂಗಳೂರಿಗೆ ಒಯ್ದರು. ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. ಕೊಯ್ದು ತೆಗೆದು, ಹೊಟ್ಟೆಯ ಎಡಬದಿಯಲ್ಲಿ ಒಂದು ತೂತು ಮಾಡಿ ಕರುಳಿನ ಬಾಯಿಯನ್ನು ಅಲ್ಲಿಗೆ ಹೊಲಿದರು. ಮಲ ಇನ್ನು ಅಲ್ಲಿಂದಲೇ ಬರುವುದು, ಅದಕ್ಕೊಂದು ಚೀಲ ಕಟ್ಟಿಕೊಳ್ಳುವುದು. ಆಸ್ಪತ್ರೆಯಿಂದ ಕೊಟ್ಟ ಚೀಲ ಮುಗಿದ ಮೇಲೆ ಅತ್ತೆ ಹಳೆಯ ಮುಂಡಿನ ಪಟ್ಟಿ ಹೊಲಿದು, ಪ್ಲಾಸ್ಟಿಕ್ ಚೀಲ ಸಿಕ್ಕಿಸಿ ಸೊಂಟಕ್ಕೆ ಕಟ್ಟಿಕೊಡುತ್ತಿದ್ದರು. ನೋಡಲು ಹೋದ ನನ್ನೊಡನೆ ಒಂದೇ ಒಂದು ಸಲ ಅದರ ಬಗ್ಗೆ ಮಾತಾಡಿದರು. "ನನಗೆ ಹೊಸ ಬಾಗಿಲು ಇಟ್ಟಿದ್ದಾರೆ ಮಾರಾಯ್ತಿ. ಚಿಲಕ ಇಡ್ಲಿಕ್ಕೆ ಮರೆತು ಹೋಗಿದೆ." ನಾನು ನಕ್ಕೆ. ಅವರೂ ನಕ್ಕರು, ಮತ್ತೆ ಕೂಡಲೇ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

ಆಮೇಲೆ ಅವರು ಬಸ್ಸಿನಲ್ಲಿ ಕೂರುವುದನ್ನು ಬಿಟ್ಟರು. ಹಿಂದಿನ ಬಾಗಿಲ ಹತ್ತಿರ ಗಾಳಿಗೆ ನಿಂತೇ ಬರುವುದು. ಊಟದ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟರು. ಕಿಸೆಯಲ್ಲಿ ಕರ್ಪೂರದ ಪೊಟ್ಟಣ. ಮದುವೆ ಮನೆಯವರು ಕರೆದರೆ, "ಬೆನ್ನು ನೋವು, ಚಾಪೆಯಲ್ಲಿ ಕೂರ್ಲಿಕ್ಕೆ ಆಗುದಿಲ್ಲ" ಎನ್ನುವರು. ಕಾಯಿಲೆಯ ಹೆಸರನ್ನು ಬೆಟ್ಟಂಪಾಡಿ ಮತ್ತು ಅಜ್ಜಾವರದ ಎರಡು ಮನೆ ಬಿಟ್ಟು ಹೊರಗೆ ಬಿಡಲಿಲ್ಲ. ಬಿಡಬಾರದೆಂದು ಕೇಳಿಕೊಂಡವರು ಅವರೇ.

ಹಾಗಿರುವಾಗ ನನಗೆ ಕಡಬದಿಂದ ಸಂಬಂಧ ಬಂತು. ಹುಡುಗ ನನ್ನನ್ನು ನೋಡಿದ, ನಾನೂ ನೋಡಿದೆ, ಒಪ್ಪಿಗೆ. ಹುಡುಗನ ತಂದೆಯನ್ನು ನಾನು ಇಲ್ಲಿ ಕಡಬದ ಯಜಮಾನರು ಎಂದೇ ಕರೆಯುತ್ತೇನೆ, ಊರಿನವರೂ ಹಾಗೆಯೇ ಕರೆಯುತ್ತಿದ್ದರು. ಎತ್ತರದ ಆಳು, ಕಿವಿಯಲ್ಲಿ ಒಂಟಿ, ಮಾತಿಗೆ ಹೊದಿಕೆ ಇಲ್ಲ. ಮೊದಲ ದಿನವೇ ಅಮ್ಮನನ್ನು ಕೇಳಿದರು.

"ಮನೆತನದಲ್ಲಿ ಹುಚ್ಚು, ಕುಷ್ಠ, ಕ್ಯಾನ್ಸರು ಇಂಥದ್ದು ಎಂತದಾದ್ರೂ ಉಂಟಾ? ಇದ್ದರೆ ಈಗಲೇ ಹೇಳಿ. ಮತ್ತೆ ಹೇಳಿದರೆ ನಾನು ಸುಮ್ಮನಿರುವ ಜನ ಅಲ್ಲ."

"ಎಂತದೂ ಇಲ್ಲ" ಎಂದರು ಅಮ್ಮ. ಅಮ್ಮನ ತಾಯಿಯೂ ಹೊಟ್ಟೆಯ ಗಡ್ಡೆಯಲ್ಲಿಯೇ ಹೋದವರು. ಅಣ್ಣನದೂ ಗೊತ್ತಾದರೆ, ಇದು ಹೆಣ್ಣಿನ ತಾಯಿಯ ಕಡೆಯಿಂದ ರಕ್ತದಲ್ಲಿಯೇ ಬರುವುದು ಎಂದು ಹೇಳಿ ಎದ್ದುಹೋಗುತ್ತಾರೆ ಎಂಬ ಹೆದರಿಕೆ ಅಮ್ಮನಿಗೆ.

ವೀಳ್ಯಕ್ಕೆ ದಿನ ಇಟ್ಟ ಮೇಲೆ ಸೋದರಮಾವನಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಜೋರು, ಒಮ್ಮೆ ವಾಂತಿಯಾದರೆ ಸ್ವಲ್ಪ ಕಡಿಮೆ. ಪಿತ್ತ ಎಂದು ಜೀರಿಗೆ ಕಷಾಯ ಮಾಡಿದರು. ಬಲಗೈಯಿಂದ ಚೆಂಬು ಜಾರುತ್ತಿತ್ತು. ಹಗ್ಗ ಎನ್ನುವಲ್ಲಿ ಸೌಟು ಎಂದರು, ಹಟ್ಟಿಯಲ್ಲಿದ್ದವರೆಲ್ಲ ನಕ್ಕರು. ಹೊಟ್ಟೆಯ ಕಾಯಿಲೆಗೂ ತಲೆಗೂ ಸಂಬಂಧ ಉಂಟು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಹೊಟ್ಟೆಯದನ್ನು ಕೊಯ್ದು ತೆಗೆದಾಗಿತ್ತಲ್ಲ.

"ಬೇರೆಯವರು ಕೊಡಲಿ, ನಿಮಗೆ ಸೌಖ್ಯ ಇಲ್ಲ" ಎಂದು ನನ್ನ ಅಪ್ಪ ಹೇಳಿದರು.

"ಇವಳ ವೀಳ್ಯ ನಾನಲ್ಲದೆ ಬೆಕ್ಕು ಕೊಡುದಾ?" ಎಂದರು ಸೋದರಮಾವ.

ಆ ದಿನ ಅವರು ಗಂಜಿ ಹಾಕಿದ ಬಿಳಿ ಮುಂಡು ಉಟ್ಟು, ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ, ಹಿಂದಿನ ಸಂಜೆಯಿಂದ ಏನೂ ತಿನ್ನದೆ ಬಂದಿದ್ದರು. ಚೀಲದಲ್ಲಿ ಏನೂ ಇರಬಾರದು ಎಂದು. ದೀಪ ಹಚ್ಚಿದರು. ನಾನು ಒಳಬಾಗಿಲ ಮರೆಯಲ್ಲಿ ಅಮ್ಮನ ಹಿಂದೆ ನಿಂತಿದ್ದೆ.

"ಕೂಡಿದ ಹತ್ತು ಸಮಸ್ತರಲ್ಲಿ ಅರಿಕೆ" ಎಂದರು. ಅದೇ ಸ್ವರ. "ಬಿಸಿಲಲ್ಲಿ ನಡೆದು ಬಂದಿದ್ದೀರಿ, ನೆರಳು ಕೊಟ್ಟಿದ್ದೇವೆ. ಬಾಯಾರಿ ಬಂದಿದ್ದೀರಿ, ನೆರಳು ಕೊಟ್ಟಿದ್ದೇವೆ." ನಿಂತರು. "ನೆರಳು ಕೊಟ್ಟಿದ್ದೇವೆ." ಮತ್ತೆ ನಿಂತರು.

ಬೆಲ್ಲ ನೀರು, ಬೆಲ್ಲ ನೀರು ಎಂದು ನನ್ನ ತುಟಿ ಅಲುಗುತ್ತಿತ್ತು. ಮದುಮಗಳಾಗುವವಳು ಚಾವಡಿಗೆ ಕೇಳುವ ಹಾಗೆ ಬಾಯಿಬಿಡುವ ಕ್ರಮ ಇಲ್ಲ. ಅವರ ಬಾಯಿಯ ಬಲಮೂಲೆ ಇಳಿದಿತ್ತು. ಬಲಗೈ ಚಾಚಿದರು, ಹರಿವಾಣದ ಅಂಚನ್ನು ಹಿಡಿಯಲು ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಹರಿವಾಣ ವಾಲಿ ಅಡಿಕೆಗಳು ಚಾಪೆಯ ಮೇಲೆ ಉರುಳಿದವು. ಅವರು ಗಾಬರಿಯಲ್ಲಿ ಉಳಿದದ್ದನ್ನು ಎಡಗೈಯಲ್ಲಿ ಎತ್ತಿ ಕಡಬದ ಯಜಮಾನರ ಮುಂದೆ ಹಿಡಿದರು.

ಎಡಗೈಯಲ್ಲಿ ವೀಳ್ಯ ಕೊಡುವುದು ಎಂದರೆ ನಮ್ಮಲ್ಲಿ ಮುಖಕ್ಕೆ ಉಗುಳಿದ ಹಾಗೆ. ಎದುರಿನ ಚಾಪೆಯಲ್ಲಿ ಒಬ್ಬರು ಅರ್ಧ ಎದ್ದರು.

"ಇದೆಂತ ಮರ್ಯಾದೆ?" ಎಂದರು ಯಜಮಾನರು, ಕೈ ಚಾಚದೆ. "ಹೆಣ್ಣು ಕೊಡ್ಲಿಕ್ಕೆ ಮನಸ್ಸಿಲ್ಲದಿದ್ದರೆ ಬಾಯಲ್ಲಿ ಹೇಳಬಹುದಿತ್ತು."

ಸೋದರಮಾವ ಏನೋ ಹೇಳಲು ಹೋದರು. "ನೆರಳು" ಎಂದೇ ಬಂತು. ಯಜಮಾನರ ಹಿಂದಿದ್ದ ಯಾರೋ ಮೆಲ್ಲ, "ಬೆಳಿಗ್ಗೆಯೇ ಕುಡಿದು ಆಗಿದೆಯೋ ಹೇಗೆ?" ಎಂದರು. ಸಣ್ಣಗೆ ನಗು ಎದ್ದಿತು.

ಅಮ್ಮ ನನ್ನ ಮುಂದಿನಿಂದ ಒಂದು ಹೆಜ್ಜೆ ಹೊರಗಿಟ್ಟರು. ಅಲ್ಲಿಯವರೆಗೆ ಗಂಡಸರ ಚಾವಡಿಯಲ್ಲಿ ಅಮ್ಮನ ಸ್ವರ ಕೇಳಿದವರಿಲ್ಲ.

"ಮನಸ್ಸಿಗೆ ಹಾಕ್ಬೇಡಿ. ಅಣ್ಣ ಸ್ವಲ್ಪ ತಕ್ಕೊಂಡಿದ್ದಾನೆ. ಈಗೀಗ ಅಭ್ಯಾಸ ಆಗಿದೆ."

ಒಡಹುಟ್ಟಿದವಳೇ ಹೇಳಿದ ಮೇಲೆ ನಂಬದವರು ಯಾರು? ಎದ್ದವರು ಕೂತರು. ಅವಮಾನ ಮಾಡಿದ್ದಲ್ಲ, ಅಮಲು ಮಾಡಿಸಿದ್ದು ಎಂದಾಯಿತು. ಅಪ್ಪ ಹರಿವಾಣವನ್ನು ತೆಗೆದುಕೊಂಡು ಬಲಗೈಯಲ್ಲಿ ಕೊಟ್ಟರು. ಯಜಮಾನರು ತೆಗೆದುಕೊಂಡು ಒಂದು ಮಾತು ಹೇಳಿದರು. "ಕುಡಿತದಲ್ಲಿ ನನ್ನ ತಮ್ಮ ಹೋದದ್ದು. ಮದುವೆಯ ದಿನ ಈ ಮನುಷ್ಯ ಚಪ್ಪರದ ಅಡಿಗೆ ಬರಬಾರದು. ಬಂದರೆ ನಾವು ದಿಬ್ಬಣ ತಿರುಗಿಸ್ತೇವೆ."

ಸೋದರಮಾವನಿಗೆ ಎಲ್ಲ ಕೇಳುತ್ತಿತ್ತು. ಮಾತು ಹೊರಗೆ ಬಾರದಿದ್ದರೂ ಒಳಗೆ ಹೋಗುತ್ತಿತ್ತು. ಅವರು ಅಮ್ಮನ ಮುಖವನ್ನು ನೋಡಿದರು. ಕೋಪ ಇರಲಿಲ್ಲ. ಎಡಗೈಯಲ್ಲಿ ಹೊಟ್ಟೆಯ ಬದಿಯನ್ನು ಒತ್ತಿ ಹಿಡಿದು ಎದ್ದು, ಗೋಡೆ ಹಿಡಿದು ಒಳಗೆ ಬಂದರು. ಭತ್ತದ ಕೋಣೆಯಲ್ಲಿ ಕೂತ ಮೇಲೆ ಬಾಯಿ ಸ್ವಲ್ಪ ಬಿಟ್ಟಿತು. ಒಂದೊಂದೇ ಪದ ಎಳೆದು ಹೇಳಿದರು: "ಅದೇ... ಇರಲಿ. ಚೀಲಕ್ಕಿಂತ... ಅದು... ಒಳ್ಳೆದು."

ಅತ್ತೆ ಮಾತ್ರ ಅಮ್ಮನೊಡನೆ ಆ ದಿನ ಊಟಕ್ಕೆ ಕೂರಲಿಲ್ಲ.

ಮರುದಿನ ಪುತ್ತೂರಿನ ಡಾಕ್ಟರರ ಹತ್ತಿರ ಒಯ್ದರು. ನಾನೂ ಹೋಗಿದ್ದೆ, ಬೇಡವೆಂದರೂ ಕೇಳದೆ. ಡಾಕ್ಟರು ಕೋಣೆ ಕತ್ತಲು ಮಾಡಿ ಸಣ್ಣ ಟಾರ್ಚಿನಿಂದ ಕಣ್ಣಿನ ಒಳಗೆ ಬಹಳ ಹೊತ್ತು ನೋಡಿದರು. ಬೆರಳು ಹಿಡಿಸಿದರು, ನಡೆಸಿದರು, ಎದೆಯ ಎಕ್ಸ್‌ರೇ ತೆಗೆಸಿದರು. ಮತ್ತೆ ಅಪ್ಪನನ್ನೂ ಅತ್ತೆಯನ್ನೂ ಒಳಗೆ ಕರೆದರು. ನಾನು ಪರದೆಯ ಹೊರಗೆ.

"ಕರುಳಿನದ್ದು ಎದೆಯಲ್ಲಿ ಕಾಣ್ತದೆ. ತಲೆಗೂ ಹೋದ ಹಾಗೆ ಉಂಟು. ಮಾತು, ಬಲಗೈ ಎರಡೂ ಒಟ್ಟಿಗೆ ಹೋಗುದು ಮೆದುಳಿನ ಎಡಬದಿಯಲ್ಲಿ ಒತ್ತಿದರೆ."

"ಕರುಳು ಕೊಯ್ದು ತೆಗೆದದ್ದಲ್ಲವಾ ಡಾಕ್ಟ್ರೆ?" ಎಂದರು ಅಪ್ಪ. "ಹೊಟ್ಟೆ ಎಲ್ಲಿ, ತಲೆ ಎಲ್ಲಿ?"

"ಕೊಯ್ಯುವ ಮೊದಲೇ ಹೊರಟಿರ್ತದೆ. ರಕ್ತದೊಟ್ಟಿಗೆ ಹೋಗಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುದು. ಕೂತು ಬೆಳೆಯುವವರೆಗೆ ಗೊತ್ತಾಗುದಿಲ್ಲ. ತಲೆಯ ಚಿತ್ರ ತೆಗೆಯುವ ಯಂತ್ರಕ್ಕೆ ದೂರ ಹೋಗಬೇಕು. ಹೋದರೂ ನನಗೆ ಬೇರೆ ಹೇಳ್ಲಿಕ್ಕೆ ಇರುದಿಲ್ಲ ಅಂತ ಕಾಣ್ತದೆ."

ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಇದು ಕುಡಿತದಿಂದ ಆಗುದಾ?"

"ಅಲ್ಲ. ಇವರು ಕುಡೀತಾರಾ?"

"ಇಲ್ಲ" ಎಂದರು ಅತ್ತೆ. ಒಬ್ಬರಾದರೂ ಕೇಳಿದರಲ್ಲ ಎಂಬಂತೆ ಇತ್ತು ಆ ಸ್ವರ.

ತಲೆಯ ಒಳಗಿನ ಬಾವು ಇಳಿಯಲು ಇಂಜೆಕ್ಷನ್ ಬರೆದುಕೊಟ್ಟರು. ಗಡ್ಡೆ ಹೋಗುವುದಿಲ್ಲ, ಅದರ ಸುತ್ತಲಿನ ನೀರು ಮಾತ್ರ ಇಳಿಯುತ್ತದೆ, ಸ್ವಲ್ಪ ಕಾಲ ಸರಿಯಾದಂತೆ ಕಾಣಬಹುದು, ಮೋಸ ಹೋಗಬೇಡಿ ಎಂದರು. ಮನೆಯಲ್ಲಿ ಮದುವೆ ಉಂಟು ಎಂದಾಗ, "ಹಾಗಾದರೆ ಮುಂದೆ ಹಾಕಬೇಡಿ" ಎಂದರು.

ಅಪ್ಪ ಕಡಬಕ್ಕೆ ಹೋಗಿ ಹೇಗೋ ಹೇಳಿ ಮುಹೂರ್ತ ಹತ್ತಿರ ಇಡಿಸಿದರು. ನಿಜ ಹೇಳಿಬಿಡುತ್ತೇನೆ ಎಂದೇ ಹೊರಟಿದ್ದರಂತೆ. ಯಜಮಾನರ ಜಗಲಿಯಲ್ಲಿ ಕೂತಾಗ ಬಾಯಿಗೆ ಬಂದದ್ದು ಮುಹೂರ್ತದ ಮಾತು ಮಾತ್ರ.

ಇಂಜೆಕ್ಷನ್ ಕೊಟ್ಟ ಮೇಲೆ ಸೋದರಮಾವ ನಿಜವಾಗಿಯೂ ಎದ್ದರು. ತಲೆನೋವು ಹೋಯಿತು. ಕೈಗೆ ಚೆಂಬು ಬಂತು. ಮಾತು ಬಂತು. ಹಸಿವೂ ಬಂತು, ಕದ್ದು ಕದ್ದು ತಿನ್ನುವಷ್ಟು. ಮದುವೆಯ ಹಿಂದಿನ ದಿನ ನಮ್ಮಲ್ಲಿಗೆ ಬಂದವರು ಯಾರೂ ಹೇಳುವ ಮೊದಲೇ ಭತ್ತದ ಕೋಣೆಗೆ ಹೋಗಿ ಕೂತರು. "ನಾನು ಇಲ್ಲಿಂದಲೇ ನೋಡ್ತೇನೆ. ಕಿಟಕಿ ಉಂಟಲ್ಲ."

ನಮ್ಮ ಮದುವೆಯಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತರುವವರು ಸೋದರಮಾವ. ಆ ಜಾಗಕ್ಕೆ ದೂರದ ಸಂಬಂಧದ ಇನ್ನೊಬ್ಬರನ್ನು ನಿಲ್ಲಿಸಿದ್ದರು. ಪಾಪ, ಒಳ್ಳೆಯವರೇ. ದಿಬ್ಬಣ ಬಂತು. ನಾನು ಬಾಸಿಂಗ ಕಟ್ಟಿಕೊಂಡು ಒಳಗೆ ಕೂತಿದ್ದೆ. ಅಷ್ಟರಲ್ಲಿ ಭತ್ತದ ಕೋಣೆಯ ಕಿಟಕಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದ ಯಜಮಾನರು ಯಾರೊಡನೆಯೋ ಮಾತಾಡುವುದು ಕೇಳಿಸಿತು.

"ಎಂತ, ಒಳಗೆ ಕೂತು ತಪಸ್ಸಾ?"

"ಚಪ್ಪರ ನಿಮ್ಮದು, ಕಿಟಕಿ ನಮ್ಮದು" ಎಂದರು ಸೋದರಮಾವ. "ಬಿಸಿಲಲ್ಲಿ ಬಂದಿದ್ದೀರಿ. ಬೆಲ್ಲ ನೀರು ಕೊಟ್ಟರಾ? ಆ ದಿನ ನಾನು ಕೊಡ್ಲಿಕ್ಕೆ ಮರೆತಿದ್ದೆ."

ಯಜಮಾನರು ಚೆಂಬು ಕೆಳಗಿಟ್ಟರು. "ಇವತ್ತು ತಕ್ಕೊಳ್ಳಲಿಲ್ಲ ಅಂತ ಕಾಣ್ತದೆ. ಎಷ್ಟು ಚೆಂದ ಮಾತಾಡ್ತೀರಿ ಮಾರಾಯ್ರೆ. ಹೀಗಿರ್ಲಿಕ್ಕೆ ಎಂತ ಕಷ್ಟ ನಿಮಗೆ?"

ಮತ್ತೆ ಚಾವಡಿಯಿಂದ ಯಜಮಾನರ ಸ್ವರ, ಈಗ ಎಲ್ಲರಿಗೂ ಕೇಳುವ ಹಾಗೆ. "ಹುಡುಗಿಗೆ ಸ್ವಂತ ಸೋದರಮಾವ ಇರುವಾಗ ಬೇರೆಯವರು ಯಾಕೆ? ಅವರು ಬರಲಿ. ಈ ದೀಪ ಮುಟ್ಟಿ ಇನ್ನು ಕುಡಿಯುದಿಲ್ಲ ಅಂತ ಹೇಳಲಿ. ಹೇಳಿದರೆ ಅವರೇ ಹುಡುಗಿಯನ್ನು ತರಲಿ."

ಅವರು ದೊಡ್ಡ ಮನಸ್ಸಿನಿಂದಲೇ ಹೇಳಿದ್ದು. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ. ಅಪ್ಪ ನೆಲ ನೋಡಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನೂ ಹೇಳಬಹುದಿತ್ತು. ಬಾಸಿಂಗ ಕಟ್ಟಿದ ತಲೆ ಭಾರ ಎಂದು ತಗ್ಗಿಸಿಯೇ ಕೂತೆ.

ಸೋದರಮಾವ ಬಂದರು. ಹೊಟ್ಟೆಯ ಬದಿಯ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಕಾಲುದೀಪದ ಹತ್ತಿರ ಕೂತು ಬಲಗೈಯನ್ನು ದೀಪದ ಕಂಬಕ್ಕೆ ತಾಗಿಸಿ, ಹಳೆಯ ಸ್ವರದಲ್ಲಿ, ಒಂದು ಅಕ್ಷರ ತಪ್ಪದೆ ಹೇಳಿದರು.

"ಕೂಡಿದ ಹತ್ತು ಸಮಸ್ತರಲ್ಲಿ ಅರಿಕೆ. ನಾನು ಇನ್ನು ಮುಂದೆ ಕುಡಿಯುದಿಲ್ಲ."

ಚಪ್ಪರದಲ್ಲಿ ಎಲ್ಲರಿಗೂ ಸಂತೋಷವಾಯಿತು. "ಒಂದು ಸಂಸಾರ ಉಳಿಯಿತು" ಎಂದು ಯಾರೋ ಅತ್ತೆಯನ್ನು ನೋಡಿ ಹೇಳಿದರು. ಅತ್ತೆ ಎದ್ದು ಬಾವಿಯ ಕಡೆ ಹೋದರು.

ಅವರು ನನ್ನ ಕೈ ಹಿಡಿದಾಗ ಬೆರಳುಗಳು ತಣ್ಣಗಿದ್ದವು, ಹಿಡಿತ ಇತ್ತು. ಕರ್ಪೂರದ ಪರಿಮಳ. ನಾನು ಅಳುತ್ತಿದ್ದೆ. ಮದುಮಗಳು ಅಳುವುದು ಎಲ್ಲರೂ ಕಂಡದ್ದೇ, ಯಾರೂ ಕಾರಣ ಕೇಳಲಿಲ್ಲ. ಮಂಟಪದ ಹತ್ತಿರ ಬಂದಾಗ ಅವರು ಬಗ್ಗಿ, "ಸುಳ್ಳು ಹೇಳಲಿಲ್ಲ ನಾನು. ಕುಡಿಯುದಿಲ್ಲ ಅಂತ ಹೇಳಿದ್ದಲ್ಲವಾ?" ಎಂದರು. ನಗಿಸಲು ನೋಡಿದ್ದು. ಆ ದಿನ ಮಾತ್ರ ಅವರ ಮಾತಿಗೆ ನನಗೆ ನಗು ಬರಲಿಲ್ಲ.

ನಾನು ಕಡಬಕ್ಕೆ ಹೋಗಿ ಹೆಚ್ಚು ಸಮಯ ಆಗಿರಲಿಲ್ಲ, ಇಂಜೆಕ್ಷನಿನ ಗುಣ ಮುಗಿಯಿತು. ಮೊದಲು ಮಾತು ಹೋಯಿತು, ಮತ್ತೆ ಬಲಬದಿ, ಮತ್ತೆ ಎಚ್ಚರ. ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ ತೀರಿಹೋದರು.

ಸುದ್ದಿ ಬಂದಾಗ ಕಡಬದ ಯಜಮಾನರು ಊಟಕ್ಕೆ ಕೂತಿದ್ದರು. ಎಲೆಯನ್ನು ಹಾಗೆಯೇ ಬಿಟ್ಟು ಎದ್ದರು. ಅಲ್ಲಿಂದ ಅವರು ಮೊದಲಿನ ಜನ ಆಗಿರಲಿಲ್ಲ. ಜಗಲಿಯಲ್ಲಿ ಸುಮ್ಮನೆ ಕೂರುವರು. ಒಂದು ಸಂಜೆ ನನ್ನನ್ನು ಕರೆದು ಕೇಳಿದರು.

"ನಿನ್ನ ಸೋದರಮಾವ ದಿನಾ ಕುಡೀತಿದ್ದರಾ? ತುಂಬಾ ಸಮಯದಿಂದಲಾ?"

"ನನಗೆ ಅಷ್ಟು ಗೊತ್ತಿಲ್ಲ" ಎಂದೆ.

"ನನ್ನ ತಮ್ಮನನ್ನು ಕೋಣೆಯಲ್ಲಿ ಹಾಕಿ ಬೀಗ ಹಾಕಿದ್ದೆ, ಕುಡಿತ ಬಿಡಿಸ್ಲಿಕ್ಕೆ. ಒಮ್ಮೆಲೆ ಬಿಟ್ಟರೆ ಮೈ ತಡೆಯುದಿಲ್ಲವಂತೆ. ಕೈಕಾಲು ನಡುಗಿ, ಏನೇನೋ ಮಾತಾಡಿ, ಮೂರ್ಛೆ ಹೋಗಿ ಸತ್ತ. ಅದು ಗೊತ್ತಿದ್ದೂ ಇವರ ಹತ್ರ ದೀಪ ಮುಟ್ಟಿಸಿದೆ ನಾನು." ಅಂಗಳದ ಕಡೆ ನೋಡುತ್ತಾ ಹೇಳಿದರು. "ಮಾತು ಉಳಿಸಿಕೊಂಡ ಮನುಷ್ಯ. ಸತ್ತೇ ಉಳಿಸಿಕೊಂಡ."

ನಾನು ಒಳಗೆ ಹೋಗಿ ಅಕ್ಕಿ ಆರಿಸಲು ಕೂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ರಾತ್ರಿ ಗಂಡನಿಗೆ ಹೇಳೋಣ ಎಂದುಕೊಳ್ಳುವುದು, ಬೆಳಿಗ್ಗೆ ಅಮ್ಮನನ್ನು ಕೇಳಿ ಹೇಳೋಣ ಎಂದುಕೊಳ್ಳುವುದು. ತವರಿಗೆ ಹೋದಾಗ ಅಮ್ಮನನ್ನು ಕೇಳಿಯೂ ಕೇಳಿದೆ. "ಈಗ ಹೇಳಿದರೆ ನಾವು ಎರಡು ಸಲ ಸುಳ್ಳು ಹೇಳಿದವರಾಗ್ತೇವೆ" ಎಂದರು ಅಮ್ಮ.

ತೀರಿಹೋದವರಿಗೆ ನಮ್ಮಲ್ಲಿ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಸತ್ತವರಿಗೆ ಏನು ಇಷ್ಟವಿತ್ತೋ ಅದೆಲ್ಲ ಎಲೆಯಲ್ಲಿ ಬೀಳಬೇಕು. ಕೋಳಿ ಸಾರು, ರೊಟ್ಟಿ, ಎಲೆಯ ಬದಿಯಲ್ಲಿ ಕುಡಿಯುವವರಿಗೆ ಒಂದು ಲೋಟ ಕಳ್ಳು. ಕುಡಿಯದವರಿಗೆ ಎಳನೀರೋ ಬೆಲ್ಲ ನೀರೋ. ಬಡಿಸಿದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು, ಅವರು ಬಂದು ಉಂಡು ಹೋಗಲಿ ಎಂದು. ಸೋದರಮಾವನಿಗೆ ಬೆಟ್ಟಂಪಾಡಿಯ ಅವರ ಮನೆಯಲ್ಲಿ ಬಡಿಸುವ ಸಂಜೆ ನಾವೆಲ್ಲ ಹೋದೆವು. ಕರೆಯದಿದ್ದರೂ ನಮ್ಮೊಡನೆ ಕಡಬದ ಯಜಮಾನರು ಹೊರಟರು. ಅವರ ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಬಾಟಲಿ. ದಾರಿಯುದ್ದಕ್ಕೂ ಅದನ್ನು ಯಾರ ಕೈಗೂ ಕೊಡಲಿಲ್ಲ.

ಎಲೆ ಹಾಕಿ ಆಗಿತ್ತು. ಅತ್ತೆ ಬಡಿಸುತ್ತಿದ್ದರು. ಯಜಮಾನರು ಒಳಗೆ ಬಂದು, ಅತ್ತೆಯ ಮುಂದೆ ನಿಂತು, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದರು.

"ಶುದ್ಧ ತೆಂಗಿನ ಕಳ್ಳು. ಬಿಡಿಸಿದವನು ನಾನು. ನಾನೇ ಕೊಡಬೇಕು. ಆಣೆಯಿಂದ ಅವರನ್ನು ಬಿಟ್ಟಿದ್ದೇನೆ ಅಂತ ಹೇಳಿ ಎಲೆಗೆ ಇಡ್ತೇನೆ. ಇಲ್ಲದಿದ್ದರೆ ಅವರು ಬಾಯಾರಿಯೇ ಹೋಗ್ತಾರೆ."

ಅಮ್ಮ ಮೆಲ್ಲನೆ, "ಇಡಲಿ ಅತ್ತಿಗೆ" ಎಂದರು. ಅದನ್ನು ನಾನು ಕೇಳಿದೆ. ಅಪ್ಪನೂ ಕೇಳಿದರು.

ಅತ್ತೆ ರೊಟ್ಟಿಯ ಪಾತ್ರೆಯನ್ನು ಕೆಳಗಿಟ್ಟರು. "ಅವರ ಎಲೆಗೆ ಅದು ಬೇಡ ಮಾರಾಯ್ರೆ. ಅವರು ಅದರ ರುಚಿ ನೋಡಿದವರಲ್ಲ."

ಯಜಮಾನರಿಗೆ ಅರ್ಥವಾಗಲಿಲ್ಲ. ಅತ್ತೆ ಒಳಕೋಣೆಗೆ ಹೋಗಿ ಒಂದು ಬಟ್ಟೆಯ ಪಟ್ಟಿಯನ್ನು ತಂದರು. ಒಗೆದು ಒಗೆದು ತೆಳುವಾದ ಹಳೆಯ ಮುಂಡಿನ ಪಟ್ಟಿ, ಮಧ್ಯದಲ್ಲಿ ಚೀಲ ಸಿಕ್ಕಿಸುವ ತೂತು. ಅದನ್ನು ಬಿಡಿಸಿ ತೋರಿಸಿ, ಹೇಳಬೇಕಾದದ್ದನ್ನು ಹೇಳಿದರು. ಕರುಳು, ಎದೆ, ತಲೆ. ಬಲಗೈ ಯಾಕೆ ಮುಚ್ಚಲಿಲ್ಲ, ಎಡಗೈ ಯಾಕೆ ಬಂತು. ಅಳಲಿಲ್ಲ. ಸೋದರಮಾವ ಜೀವ ಇರುವವರೆಗೆ ಗೋಡೆಯ ಕಡೆ ತಿರುಗಿ ಹೇಳಿದ್ದನ್ನು ಅತ್ತೆ ದೀಪದ ಮುಂದೆ, ಎಲ್ಲರ ಮುಖ ನೋಡಿ ಹೇಳಿದರು.

ಯಜಮಾನರು ಚಾಪೆಯಲ್ಲಿ ಕೂತುಬಿಟ್ಟರು. ಮತ್ತೆ ಅಮ್ಮನನ್ನು ನೋಡಿದರು.

"ನೀವೇ ಅಲ್ಲವಾ ಬಾಗಿಲಲ್ಲಿ ಹೇಳಿದ್ದು?"

ಅಮ್ಮ ತಲೆ ಎತ್ತಲಿಲ್ಲ.

"ಕ್ಯಾನ್ಸರು ಅಂತ ಹೇಳಿದ್ದರೆ ನಾನು ಹುಡುಗಿ ಬೇಡ ಅಂತಿದ್ದೆ ಅಂತ ಎಣಿಸಿದಿರಾ?"

ಅವರು ತಮ್ಮಷ್ಟಕ್ಕೆ ತಾವೇ ಯೋಚಿಸಿದರು. ಮತ್ತೆ ನನ್ನ ಕಡೆ ನೋಡದೆ ಹೇಳಿದರು. "ಅಂತಿದ್ದೆ ಅಂತ ಕಾಣ್ತದೆ."

ಎದ್ದು ಬಾಟಲಿಯನ್ನು ಹೊರಗೆ ಒಯ್ದು ತೆಂಗಿನ ಬುಡಕ್ಕೆ ಸುರಿದರು. ಎಲೆಯ ಬದಿಗೆಂದು ತೆಗೆದಿಟ್ಟಿದ್ದ ಲೋಟವನ್ನು ತಾವೇ ತೊಳೆದರು, ಬೂದಿ ಹಾಕಿ ತಿಕ್ಕಿ, ಮತ್ತೊಮ್ಮೆ ತೊಳೆದರು. ಅತ್ತೆಯ ಹತ್ತಿರ ಬೆಲ್ಲ ಕೇಳಿದರು. ಬೆಲ್ಲದ ತುಂಡನ್ನು ಎಲೆಯ ಮೇಲಿಟ್ಟು, ನೀರು ತುಂಬಿದ ಲೋಟವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ತಾಗಿಸಿ, ಎಲೆಯ ಪಕ್ಕ ಇಟ್ಟರು. ಏನಾದರೂ ಹೇಳುತ್ತಾರೆ ಎಂದು ನಾವು ಕಾದೆವು. ಅವರಿಗೆ ಮಾತು ಬರಲಿಲ್ಲ.

ಆಗ ನಾನು ಹೇಳಿದೆ. ಹೆಂಗಸರು ಹೇಳುವ ಮಾತಲ್ಲ ಅದು, ಹೇಳುವ ಜಾಗವೂ ಅಲ್ಲ. "ಬಾಯಾರಿ ಬಂದಿದ್ದೀರಿ, ಬೆಲ್ಲ ನೀರು ಕೊಟ್ಟಿದ್ದೇವೆ." ಚಾವಡಿಯಲ್ಲಿ ಅವರಿಗೆ ಸಿಗದೆ ಹೋಗಿದ್ದ ಸಾಲು ಅದು. ಅಂದು ಬಾಗಿಲ ಮರೆಯಲ್ಲಿ ನನ್ನ ತುಟಿಯ ತನಕ ಬಂದು ನಿಂತದ್ದು.

ಅತ್ತೆ ಬಾಗಿಲು ಹಾಕಿದರು. ನಾವೆಲ್ಲ ಅಂಗಳದಲ್ಲಿ ನಿಂತೆವು. ಅಮ್ಮ ಎಲ್ಲರಿಂದ ಸ್ವಲ್ಪ ದೂರ, ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಅತ್ತೆ ಅಲ್ಲಿಗೆ ಹೋಗುತ್ತಾರೋ ಎಂದು ನಾನು ನೋಡುತ್ತಿದ್ದೆ. ಹೋಗಲಿಲ್ಲ. ಬಾಗಿಲು ತೆರೆಯುವ ಹೊತ್ತಾದಾಗ ಮಾತ್ರ ನಿಂತಲ್ಲಿಂದಲೇ ಅಮ್ಮನನ್ನು ಕರೆದರು.

"ಬನ್ನಿ. ಅವರು ಉಂಡಾಗಿರಬಹುದು."